ಘಾಟಿಯ ತಿರುವು ಹದಿನಾರೋ ಹದಿನೆಂಟೋ

ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ನಮ್ಮ ಮನೆ ಇರುವುದು ಒಂದು ಏರುರಸ್ತೆಯ ನಡುಮಧ್ಯದಲ್ಲಿ. ಹಿಮ ಸುರಿದ ದಿನ ಕಾರನ್ನು ಕೆಳಗೇ ಬಿಟ್ಟು ನಡೆದು ಬರಬೇಕು, ಅಂಥ ಏರು. ಶನಿವಾರ ಬೆಳಗ್ಗೆ ಎಂಟರ ಹೊತ್ತಿಗೆ ಹತ್ತು ಹನ್ನೆರಡು ಜನ ಸೈಕಲ್ ಸವಾರರು ಅದನ್ನು ಹತ್ತಿಕೊಂಡು ಹೋಗುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವರ ಬಣ್ಣಬಣ್ಣದ ಬಿಗಿ ಅಂಗಿ, ತೆಳ್ಳನೆಯ ಚಕ್ರ ಎಲ್ಲ ಎರಡು ವಾರದಲ್ಲಿ ಹಳತಾದವು. ಹಳತಾಗದೆ ಉಳಿದದ್ದು ಒಂದೇ: ಅವರು ಹತ್ತುತ್ತ ಹತ್ತುತ್ತಲೇ ಹರಟೆ ಹೊಡೆಯುತ್ತಿದ್ದರು. ನಾನೋ, ಕೆಳಗಿನ ಮೇಲ್‌ಬಾಕ್ಸ್‌ವರೆಗೆ ಹೋಗಿಬಂದರೆ ಬಾಗಿಲಲ್ಲಿ ನಿಂತು ಸುಧಾರಿಸಿಕೊಂಡೇ ಬಾಯಿಬಿಡುವವಳು. ಇವರಿಗೆ ಅಷ್ಟು ಉಸಿರು ಎಲ್ಲಿಂದ ಬರುತ್ತದೆ?

ಗುಂಪು ದಾಟಿದ ಐದು ನಿಮಿಷಕ್ಕೆ ಒಬ್ಬ ಮುದುಕರು ಬರುತ್ತಿದ್ದರು. ಹಳೆಯ ಉಕ್ಕಿನ ಸೈಕಲ್, ನೆಟ್ಟಗಿನ ಬೆನ್ನು. ನಿಧಾನವಾಗಿ ಬಂದರೂ ಒಂದು ಸಲವೂ ಅತ್ತಿತ್ತ ವಾಲುತ್ತಿರಲಿಲ್ಲ. ಅವರೂ ಮಾತಾಡುತ್ತಿದ್ದರು. ಜೊತೆಗೆ ಯಾರೂ ಇರಲಿಲ್ಲ. ಕಿವಿಯಲ್ಲಿ ಇಯರ್‌ಫೋನೂ ಇರಲಿಲ್ಲ.

"ತಲೆ ಸರಿ ಇಲ್ವೇನೋ, ಪಾಪ," ಅಂದರು ನನ್ನ ಗಂಡ.

"ತಲೆ ಸರಿ ಇಲ್ದೋರು ಅಷ್ಟು ನೀಟಾಗಿ ಗೇರ್ ಚೇಂಜ್ ಮಾಡ್ತಾರೇನ್ರೀ?" ಅಂದೆ.

ಜೂನ್ ತಿಂಗಳ ಒಂದು ಶನಿವಾರ ಅವರ ಚೈನು ನಮ್ಮ ಡ್ರೈವ್‌ವೇ ಎದುರಿಗೇ ಕಳಚಿಕೊಂಡಿತು. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಂಡು ಕೂತರು. ನಾನು ಹೊರಗೆ ಹೋಗಿ ನೀರು ಬೇಕೇ ಎಂದು ಕೇಳಿದೆ. ಕೇಳಿದ ಮೇಲೆ, ಅಷ್ಟು ಬಿಸಿಲಲ್ಲಿ ಬರೀ ನೀರು ಕೊಡಲು ಮನಸ್ಸಾಗದೆ ಫ್ರಿಜ್ಜಿನಲ್ಲಿದ್ದ ಮಜ್ಜಿಗೆ ತಂದುಕೊಟ್ಟೆ. ಗ್ರೀಸ್ ಮೆತ್ತಿದ ಕೈಯನ್ನು ಹುಲ್ಲಿಗೆ ಒರೆಸಿ ಲೋಟ ಹಿಡಿದರು. ಒಂದು ಗುಟುಕಿಗೆ ಹುಬ್ಬು ಮೇಲೆ ಹೋಯಿತು.

"ಬೆಣ್ಣೆ ತೆಗೆದ ಮೇಲೆ ಉಳಿಯೋದು ತಾನೇ ಇದು? ನಮ್ಮಮ್ಮ ಕೊಡ್ತಿದ್ಲು. ಆದರೆ ಇದಕ್ಕೆ ಉಪ್ಪು, ಶುಂಠಿ ಹಾಕಿದ್ದು ಯಾರು?"

ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷಿನಲ್ಲಿ ಕೆಲವು ಅಕ್ಷರಗಳು ಕಲ್ಲಿನ ಮೇಲೆ ಕಲ್ಲು ಉಜ್ಜಿದಂತೆ ಕೇಳುತ್ತಿದ್ದವು. ಲೋಟ ಖಾಲಿಯಾಗುವುದರೊಳಗೆ ನಾನು ಕೇಳಿಯೇಬಿಟ್ಟೆ: "ನೀವು ಹತ್ತುವಾಗ ಯಾರ ಜೊತೆ ಮಾತಾಡ್ತೀರಿ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರಿಗೆ ಬೇಸರವಾದಂತೆ ಕಾಣಲಿಲ್ಲ. "ಯಾರ ಜೊತೆಗೂ ಇಲ್ಲ. ಹೆಸರು ಹೇಳ್ಕೊಳ್ತೀನಿ. ತಿರುವುಗಳ ಹೆಸರು."

ಅವರ ಊರು ಇಟಲಿಯ ಉತ್ತರದ ತುದಿಯಲ್ಲಿ, ಆಲ್ಪ್ಸ್ ಪರ್ವತಗಳ ನಡುವಿನ ಒಂದು ಕಣಿವೆಯಲ್ಲಿದೆ. ಊರಿನಿಂದ ಘಾಟಿಯ ನೆತ್ತಿಗೆ ಹೋಗುವ ರಸ್ತೆಯಲ್ಲಿ ಹದಿನಾರು ಹೇರ್‌ಪಿನ್ ತಿರುವುಗಳು. ಒಂದೊಂದಕ್ಕೂ ಒಂದೊಂದು ಹೆಸರು. ಹುಡುಗನಾಗಿದ್ದಾಗ ಆ ರಸ್ತೆಯಲ್ಲೇ ಸೈಕಲ್ ಹೊಡೆದವರು. ಇಪ್ಪತ್ತೆರಡನೇ ವಯಸ್ಸಿಗೆ ನ್ಯೂಜೆರ್ಸಿಗೆ ಬಂದು, ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು, ಇಲ್ಲೇ ರಿಟೈರ್ ಆಗಿ, ಈಗ ಎಪ್ಪತ್ತೆರಡು. ಇಲ್ಲಿ ಯಾವ ಏರು ಹತ್ತಿದರೂ ಬಾಯಲ್ಲಿ ಆ ಹದಿನಾರು ಹೆಸರನ್ನು ಕೆಳಗಿನಿಂದ ಮೇಲಕ್ಕೆ ಹೇಳಿಕೊಳ್ಳುತ್ತಾರೆ.

"ಕಾಲಿಗೆ ತಾನು ಎಲ್ಲಿದೀನಿ ಅಂತ ಗೊತ್ತಾಗಬಾರದು, ಅದಕ್ಕೆ," ಅಂದರು.

ಹೆಸರುಗಳಿದ್ದದ್ದು ಇಟಾಲಿಯನ್ನಿನಲ್ಲಲ್ಲ. ಅವರ ಭಾಷೆ ಲಾದಿನ್. ಆಲ್ಪ್ಸ್‌ನ ಕೆಲವೇ ಕಣಿವೆಗಳಲ್ಲಿ ಆಡುವ ಭಾಷೆ. ಹೆಂಡತಿ ಇಲ್ಲಿಯೇ ಹುಟ್ಟಿದವಳು, ಅವಳಿಗೆ ಬರುತ್ತಿರಲಿಲ್ಲ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಅರ್ಥ ಹೇಳಿ ಎಂದು ನಾನು ಕಾಡಿದ್ದಕ್ಕೆ ಕೆಲವನ್ನು ಬಿಡಿಸಿ ಹೇಳಿದರು: ಹಳೇ ಗಿರಣಿ, ಎರಡು ಬುಗ್ಗೆ, ಪಾದ್ರಿ ಕೂತದ್ದು, ಬಿಸಿಲು ಬಾರದ ಮೂಲೆ.

ನನಗೆ ಗೊತ್ತಿದ್ದ ಹೇರ್‌ಪಿನ್ ತಿರುವೆಂದರೆ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯದು. ಮೈಸೂರಿನಿಂದ ಸ್ಕೂಲ್ ಟ್ರಿಪ್ಪಿನಲ್ಲಿ ಹೋದಾಗ ಮೂವತ್ತಾರೂ ತಿರುವುಗಳನ್ನು ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ದಾಟಿದ್ದೆ. ಅಲ್ಲಿ ತಿರುವಿಗೆ ನಂಬರು ಮಾತ್ರ. ಹೆಸರಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಸ್ಯಾಟಲೈಟ್ ಮ್ಯಾಪ್ ತೆರೆದು ಆ ರಸ್ತೆಯನ್ನು ಹುಡುಕಿದೆ. ಹಸಿರು ಗುಡ್ಡದ ಮೇಲೆ ಯಾರೋ ಬಿಳಿ ದಾರವನ್ನು ಮಡಚಿ ಮಡಚಿ ಇಟ್ಟಂತೆ ಕಂಡಿತು. ಬೆರಳಿಟ್ಟು ಎಣಿಸಿದೆ. ಹದಿನೆಂಟು. ಮೇಲಿನಿಂದ ಎಣಿಸಿದೆ. ಹದಿನೆಂಟೇ.

ಮುಂದಿನ ಶನಿವಾರ ಅವರನ್ನು ನಿಲ್ಲಿಸಿ ಹೇಳಿದೆ.

"ಹದಿನಾರು," ಅಂದರು.

"ಎರಡು ಸಲ ಎಣಿಸಿದೆ."

"ನಾನು ಎಷ್ಟು ಸಲ ಎಣಿಸಿದೀನಿ ಅಂತ ಗೊತ್ತಾ?"

ನನ್ನ ಕೆಲಸ ಒಂದು ಔಷಧ ಕಂಪನಿಯಲ್ಲಿ. ಎರಡು ಕಡೆಯ ಮಾಹಿತಿ ತಾಳೆಯಾಗದಿದ್ದರೆ ಯಾಕೆ ಆಗಿಲ್ಲವೆಂದು ಹುಡುಕುವುದೇ ಅದರ ಮುಕ್ಕಾಲು ಪಾಲು. ಒಂದು ಹೆಚ್ಚು ಬಂದಿದ್ದರೆ ಎಣಿಕೆಯ ತಪ್ಪೆಂದು ಬಿಡುತ್ತಿದ್ದೆ. ಎರಡು ಹೆಚ್ಚಿತ್ತು. ಬೆಟ್ಟದ ರಸ್ತೆ ಒಂದು ಸಲ ಹಿಂದಕ್ಕೆ ಹೊರಳಿದರೆ ಮತ್ತೊಂದು ಸಲ ಹೊರಳಿಯೇ ಮೇಲೆ ಹೋಗಬೇಕು, ಆದ್ದರಿಂದ ಹೆಚ್ಚಾಗುವುದಿದ್ದರೆ ಎರಡೇ ಹೆಚ್ಚಾಗಬೇಕು. ಅಂದರೆ ಇಬ್ಬರ ಎಣಿಕೆಯೂ ಸರಿಯಿದ್ದು, ರಸ್ತೆಯೇ ಬೇರೆಬೇರೆ ಇರಬೇಕು. ಅದು ಹೇಗೆ? ಆ ವಾರವಿಡೀ ಮೀಟಿಂಗುಗಳ ನಡುವೆ ಅದನ್ನೇ ಯೋಚಿಸಿದೆ.

ಈ ಕುತೂಹಲದ ಬೆನ್ನು ಹತ್ತಿಯೇ ನಾನು ಸೈಕಲ್ ಕೊಂಡದ್ದು. ಸೈಕಲ್ ನನಗೆ ಹೊಸದಲ್ಲ. ಅಣ್ಣನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವಳು. ಕಾಲೇಜಿಗೆ ಮೂರು ವರ್ಷ ಲೇಡೀಸ್ ಸೈಕಲ್ಲಿನಲ್ಲೇ ಹೋಗಿಬಂದವಳು. ಆಮೇಲೆ ಮೂವತ್ತು ವರ್ಷ ಮುಟ್ಟಿರಲಿಲ್ಲ. ಹಳದಿ ಜರ್ಸಿ ಹಾಕಿಕೊಂಡ ಫೋಟೋವನ್ನು ಬಾಸ್ಟನ್ನಿನಲ್ಲಿ ಓದುತ್ತಿದ್ದ ಮಗಳಿಗೆ ಕಳಿಸಿದೆ. "ಅಮ್ಮಾ, ಯು ಲುಕ್ ಲೈಕ್ ಎ ಹೈಲೈಟರ್ ಪೆನ್," ಎಂದು ಉತ್ತರ ಬಂತು.

ರೋಡ್ ಬೈಕಿನ ಬೂಟು ಪೆಡಲಿಗೆ ಕಚ್ಚಿಕೊಳ್ಳುತ್ತದೆ. ನಿಲ್ಲುವ ಮೊದಲು ಹಿಮ್ಮಡಿಯನ್ನು ಹೊರಗೆ ತಿರುಚಿ ಬಿಡಿಸಿಕೊಳ್ಳಬೇಕು. ಮೊದಲ ಭಾನುವಾರ ಪೋಸ್ಟ್ ಆಫೀಸಿನ ಎದುರಿನ ಸಿಗ್ನಲ್ಲಿನಲ್ಲಿ ನಿಲ್ಲಿಸಿದೆ, ತಿರುಚುವುದು ಮರೆಯಿತು. ಕಡಿದ ಬಾಳೆಗಿಡದಂತೆ, ನಿಂತ ಜಾಗದಲ್ಲೇ, ಸಾವಕಾಶವಾಗಿ ಪಕ್ಕಕ್ಕೆ ಒರಗಿದೆ. ಬಿದ್ದ ಮೇಲೂ ಕಾಲು ಪೆಡಲಿನಲ್ಲೇ ಇತ್ತು. ಕಾರಿನಿಂದ ಇಳಿದು ಬಂದ ಒಬ್ಬ ಹೆಂಗಸು ನನ್ನನ್ನು ಬಿಡಿಸಬೇಕಾಯಿತು.

"ಐವತ್ತೊಂದಕ್ಕೆ ಬೇಕಿತ್ತೇನೇ ಇದು?" ಮೊಣಕೈಗೆ ಮುಲಾಮು ಹಚ್ಚುತ್ತ ಗಂಡ ಕೇಳಿದರು.

"ಅರವತ್ತಕ್ಕೆ ಬೀಳೋದಕ್ಕಿಂತ ಈಗ್ಲೇ ವಾಸಿ ಅಲ್ವಾ?" ಅಂದೆ. ಅದು ಧೈರ್ಯದ ಮಾತೇನೂ ಆಗಿರಲಿಲ್ಲ, ಉರಿ ಹತ್ತಿ ಆಡಿದ ಮಾತು.

ಆ ಹಿರಿಯರೇ ನನ್ನ ಗುರುವಾದರು. ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ, ಅಂಕಲ್ ಅನ್ನುವುದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲಿ ನಾವು ಅವರನ್ನು ಬೆಟ್ಟದಯ್ಯ ಅನ್ನುತ್ತಿದ್ದೆವು. ಮೊದಲ ತಿಂಗಳು ಗ್ರೇಟ್ ಸ್ವಾಂಪಿನ ಸಪಾಟು ರಸ್ತೆಯಲ್ಲಿ ಓಡಾಡಿಸಿದರು. ಆಮೇಲೆ ಬರ್ನಾರ್ಡ್ಸ್‌ವಿಲ್‌ನ ಗುಡ್ಡ. ಅಲ್ಲಿ ಅರ್ಧಕ್ಕೇ ನನ್ನ ಎದೆ ತಿದಿಯಾಯಿತು.

"ಏನಾದರೂ ಮಾತಾಡು," ಅಂದರು ಬೆಟ್ಟದಯ್ಯ. "ಒಂದು ವಾಕ್ಯ ತಡವರಿಸದೆ ಹೇಳೋಕಾದರೆ ಗೇರು ಸರಿ ಇದೆ ಅಂತ. ಆಗದಿದ್ದರೆ ಇನ್ನೂ ಹಗುರದ ಗೇರಿಗೆ ಇಳಿಸು."

ನನ್ನ ಕಿಟಕಿಯ ಒಗಟು ಹೀಗೆ ಬಿಡಿಸಿಕೊಂಡಿತು. ಆ ಸವಾರರು ಮಾತಾಡುತ್ತಿದ್ದದ್ದು ಉಸಿರು ಹೆಚ್ಚಿದ್ದರಿಂದ ಅಲ್ಲ. ಉಸಿರು ಎಷ್ಟಿದೆ ಎಂದು ನೋಡಿಕೊಳ್ಳಲು ಮಾತಾಡುತ್ತಿದ್ದರು. ಆದರೆ ಏದುಸಿರು ಬಿಡುವಾಗ ವಾಕ್ಯ ಎಲ್ಲಿಂದ ತರುವುದು? ಬಾಯಿಗೆ ತಾನಾಗಿ ಬಂದದ್ದು ಮಗ್ಗಿ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಹಿಂದೆ ಬರುತ್ತಿದ್ದ ಬೆಟ್ಟದಯ್ಯ, ಅದೇನು ಹಾಡೇ ಎಂದು ಕೇಳಿದರು. ಲೆಕ್ಕ ಅಂದದ್ದಕ್ಕೆ, ಲೆಕ್ಕಕ್ಕೆ ಇಷ್ಟು ಒಳ್ಳೆಯ ತಾಳ ಇರುತ್ತದೆಂದು ಗೊತ್ತಿರಲಿಲ್ಲ ಅಂದರು.

ಹೀಗೆ ಎರಡು ಬೇಸಿಗೆ ಕಳೆದವು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಮೊದಮೊದಲು ಅವರ ಬಾಯಿಂದ ಅದು ನನಗೆ ‘ನೀವು’ ಎಂದು ಕೇಳುತ್ತಿತ್ತು. ಯಾವಾಗ ‘ನೀನು’ ಎಂದು ಕೇಳತೊಡಗಿತೋ ತಿಳಿಯಲಿಲ್ಲ. ತಿರುವಿನ ಜಗಳ ಮಾತ್ರ ಹಾಗೇ ಇತ್ತು. ನಾನು ಮ್ಯಾಪನ್ನು ಪ್ರಿಂಟ್ ಮಾಡಿ ತಂದರೆ ಅವರು ಕನ್ನಡಕ ಹಾಕಿಕೊಳ್ಳಲು ಒಪ್ಪುತ್ತಿರಲಿಲ್ಲ.

ಆ ಊರಿಗೆ ಅವರು ಇಷ್ಟು ವರ್ಷದಲ್ಲಿ ವಾಪಸು ಹೋದದ್ದು ಎರಡೇ ಸಲ. ಒಮ್ಮೆ ಅಪ್ಪ ತೀರಿಕೊಂಡಾಗ, ಒಮ್ಮೆ ಅಮ್ಮ. ಎರಡೂ ಸಲ ಕೊರೆಯುವ ಚಳಿಗಾಲ, ಹಿಮ ತುಂಬಿ ಘಾಟಿ ಮುಚ್ಚಿತ್ತು. ಈಗ ಅಲ್ಲಿರುವುದು ಒಬ್ಬಳೇ ಅಕ್ಕ, ಎಪ್ಪತ್ತೊಂಬತ್ತರವಳು. ಮೂರನೇ ವರ್ಷದ ಜುಲೈಗೆ ನಾವು ಮೂವರೂ ಹೋಗುವುದೆಂದು ನಿಶ್ಚಯವಾಯಿತು: ನಾನು ಮತ್ತು ಬೆಟ್ಟದಯ್ಯ ಸೈಕಲ್ಲಿನಲ್ಲಿ, ನನ್ನ ಗಂಡ ಕಾರಿನಲ್ಲಿ.

ಏಪ್ರಿಲಿನಲ್ಲಿ ಅವರಿಗೆ ಎದೆ ಹಿಡಿದುಕೊಂಡಿತು. ಸ್ಟೆಂಟ್ ಹಾಕಿದರು. ಹತ್ತು ದಿನಕ್ಕೆ ಎದ್ದು ಓಡಾಡತೊಡಗಿದರೂ ಡಾಕ್ಟರು ಘಾಟಿ ಹತ್ತುವ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಬೇಕಿದ್ದರೆ ಬ್ಯಾಟರಿ ಸೈಕಲ್ಲಿನಲ್ಲಿ ಹೋಗಿ, ಅದೂ ಮೆಲ್ಲಗೆ, ಅಂದರಂತೆ.

ನಾನು ನೋಡಲು ಹೋದಾಗ ಅವರು ಬಾಲ್ಕನಿಯಲ್ಲಿ ಕೂತು ಬುಸುಗುಡುತ್ತಿದ್ದರು. "ನನಗೆ ಮೋಟರ್ ಬೇಕಿದ್ದರೆ ಮೋಟರ್ ಸೈಕಲ್ಲೇ ತಗೋತಿದ್ದೆ. ನಾನು ಬರಲ್ಲ. ನೀವಿಬ್ಬರೂ ಹೋಗಿ."

"ಸರಿ," ಅಂದೆ. "ನಾನೇ ಹೋಗಿ ಎಣಿಸ್ಕೊಂಡು ಬರ್ತೀನಿ. ಹದಿನೆಂಟು ಅಂತ ಫೋಟೋ ತೆಗೆದು ತಂದು ತೋರಿಸ್ತೀನಿ."

"ಕಾರಿನಲ್ಲಿ ಕೂತು ಬರ್ತೀನಿ. ಎಣಿಸೋಕೆ ಮಾತ್ರ," ಅಂದರು.

ನೆವಾರ್ಕಿನಿಂದ ಮ್ಯೂನಿಕ್‌ಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ನಾಲ್ಕು ಗಂಟೆ. ಕಣಿವೆ ಹತ್ತಿರವಾದಂತೆ ಬೆಟ್ಟದಯ್ಯನ ಮಾತು ಕಡಿಮೆಯಾಯಿತು. ಎರಡೂ ಕಡೆ ಒಪ್ಪವಾಗಿ ಕತ್ತರಿಸಿದ ಹುಲ್ಲುಗಾವಲು, ಅದರ ಮೇಲೆ ಕಡುಹಸಿರು ಮರಗಳ ಪಟ್ಟಿ, ಎಲ್ಲಕ್ಕಿಂತ ಮೇಲೆ ಬೂದುಬಣ್ಣದ ಬೋಳು ಬಂಡೆಗಳು ಗೋಡೆಯಂತೆ ನೆಟ್ಟಗೆ ನಿಂತಿದ್ದವು. ನನ್ನ ಗಂಡ ಸ್ಟಿಯರಿಂಗ್ ಹಿಡಿದುಕೊಂಡೇ ಬಗ್ಗಿ ಬಗ್ಗಿ ಮೇಲೆ ನೋಡುತ್ತಿದ್ದರು. "ಇದನ್ನ ಹತ್ತೋದೇನೇ ನೀನು?" ಅಂದರು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಅಕ್ಕನ ಮನೆಯ ಬೇಲಿಯ ಹತ್ತಿರ ಇಳಿದು ಸಾಮಾನು ತೆಗೆಯುತ್ತಿದ್ದೆವು. ಕೆಳಗಿನಿಂದ ಒಬ್ಬ ಮುದುಕಿ ಸೈಕಲ್ಲಿನಲ್ಲಿ ಬಂದಳು. ನೀಲಿ ಏಪ್ರನ್, ತಲೆಗೆ ಕಟ್ಟಿದ ವಸ್ತ್ರ, ಮುಂದಿನ ಬುಟ್ಟಿಯಲ್ಲಿ ಎರಡು ಉದ್ದನೆಯ ಬ್ರೆಡ್ಡು. ಕಾಲು ಕುದುರೆಗಾಡಿಯ ಗಾಲಿಯಂತೆ ಬೀಸಾಗಿ ತಿರುಗುತ್ತಿತ್ತು, ಮುಖದಲ್ಲಿ ಬೆವರಿನ ಹನಿಯೂ ಇರಲಿಲ್ಲ. ಅದು ಬ್ಯಾಟರಿ ಸೈಕಲ್. ತಮ್ಮನನ್ನು ತಬ್ಬಿಕೊಂಡು, ಕೆನ್ನೆ ಹಿಡಿದು ನೋಡಿ, ಅತ್ತು, ಕಣ್ಣೊರೆಸಿಕೊಂಡಳು. ನಮ್ಮ ಕಡೆ ತಿರುಗಿ "ಬುನ್ ದೆ" ಅಂದಳು. ಲಾದಿನ್ ಭಾಷೆಯಲ್ಲಿ ಅದು ನಮಸ್ಕಾರ. ಆಮೇಲೆ ಕಾರಿನ ಮೇಲೆ ಒಂದೇ ಸೈಕಲ್ ಇರುವುದನ್ನು ನೋಡಿ ತಮ್ಮನನ್ನು ಏನೋ ಕೇಳಿದಳು. ಅವರು ಎದೆ ಮುಟ್ಟಿಕೊಂಡು ಉತ್ತರ ಹೇಳಿದರು. ಅವಳು ತನ್ನ ಸೈಕಲ್ಲಿನ ಹ್ಯಾಂಡಲನ್ನು ಅವರ ಕೈಗೆ ಕೊಟ್ಟು ಒಂದೇ ಒಂದು ವಾಕ್ಯ ಅಂದಳು. ಬೆಟ್ಟದಯ್ಯನ ಮುಖ ಕಿವಿಯವರೆಗೆ ಕೆಂಪಗಾಯಿತು.

"ಏನಂದರು?" ಎಂದು ನಾನು ಎರಡು ದಿನ ಕಾಡಿದ ಮೇಲೆ ಬಾಯಿಬಿಟ್ಟರು.

"‘ಸತ್ತ ಮೇಲೆ ಹತ್ತೋಕೆ ಇದಕ್ಕಿಂತ ಎತ್ತರದ್ದಿದೆ, ಅಲ್ಲಿ ಸ್ವಂತ ಕಾಲಲ್ಲಿ ಹತ್ತು. ಇಲ್ಲಿ ಇದರಲ್ಲಿ ಹತ್ತು’ ಅಂದಳು."

ಮೂರನೆಯ ದಿನ ಬೆಳಗ್ಗೆ ನಾವು ಹೊರಟೆವು. ಬೆಟ್ಟದಯ್ಯ ಅಕ್ಕನ ಸೈಕಲ್ಲಿನಲ್ಲಿ, ಬುಟ್ಟಿಯ ಸಮೇತ. ಬುಟ್ಟಿಯಲ್ಲಿ ಮಾತ್ರೆ, ನೀರು, ನನ್ನ ಚಕ್ಕುಲಿ ಡಬ್ಬಿ. ಗಂಡ ಕಾರಿನಲ್ಲಿ ಮುಂದೆ ಹೋಗಿ ಅಲ್ಲಲ್ಲಿ ನಿಂತು ಕಾಯುವುದೆಂದು ಒಪ್ಪಂದವಾಗಿತ್ತು. ಊರಿನ ಕೊನೆಯ ಮನೆ ದಾಟಿದ ಕೂಡಲೇ ಮೊದಲ ತಿರುವು ಎದುರಾಯಿತು. ಮೂಲೆಯಲ್ಲಿ ಒಂದು ಬಿಳಿ ಬೋರ್ಡು, ಅದರಲ್ಲಿ ‘1’ ಎಂದಿತ್ತು. ಬೆಟ್ಟದಯ್ಯ ಅದರ ಕಡೆ ನೋಡಲೂ ಇಲ್ಲ. ಕೈಯೆತ್ತಿ, ಒಂದು ಶಬ್ದ ಅಂದರು. ಹಳೇ ಗಿರಣಿ. ಅಲ್ಲಿ ಗಿರಣಿಯಿರಲಿಲ್ಲ, ಪಾಚಿ ಹಿಡಿದ ಒಂದು ಕಲ್ಲಿನ ಚಕ್ರ ಹುಲ್ಲಿನಲ್ಲಿ ಮಲಗಿತ್ತು.

ನ್ಯೂಜೆರ್ಸಿಯ ಏರುಗಳು ಚುರುಕು, ಹತ್ತು ನಿಮಿಷಕ್ಕೆ ಮುಗಿದುಹೋಗುತ್ತವೆ. ಇದು ಮುಗಿಯುವ ಲಕ್ಷಣವೇ ಇರಲಿಲ್ಲ. ತಿರುವು, ಒಂದು ಉದ್ದನೆಯ ಏರು, ಮತ್ತೆ ತಿರುವು. ನಾಲ್ಕನೆಯದರ ಹೊತ್ತಿಗೆ ಒಂದು ವಿಷಯ ಗೊತ್ತಾಯಿತು: ತಿರುವಿನ ಹೊರಮೈಯಲ್ಲಿ ರಸ್ತೆ ತುಸು ಸಪಾಟಾಗಿರುತ್ತದೆ, ಅಲ್ಲಿ ಎರಡು ಉಸಿರು ಹೆಚ್ಚಿಗೆ ಸಿಗುತ್ತದೆ. ಅಂದರೆ ತಿರುವೇ ವಿಶ್ರಾಂತಿ. ಹೆಸರು ಅಲ್ಲಿಗೇ ಯಾಕೆ ಅಂಟಿಕೊಂಡಿತೆಂದೂ ಅಲ್ಲೇ ತಿಳಿಯಿತು. ಹುಲ್ಲು ಹೊತ್ತವರು, ಹಸು ಹೊಡೆದುಕೊಂಡು ಹೋದವರು, ಆ ಪಾದ್ರಿ, ಎಲ್ಲರೂ ಸುಧಾರಿಸಿಕೊಂಡದ್ದು ಆ ಮೂಲೆಗಳಲ್ಲೇ.

ಬೆಟ್ಟದಯ್ಯನಿಗೆ ಈಗ ಉಸಿರಿನ ಚಿಂತೆಯಿರಲಿಲ್ಲ. ಐವತ್ತು ವರ್ಷದ ಮಾತನ್ನು ಒಂದೇ ಬೆಳಗ್ಗೆ ಆಡಿ ಮುಗಿಸುವವರಂತೆ ಆಡುತ್ತ ಬಂದರು. ಮೊದಲು ಇಂಗ್ಲಿಷಿನಲ್ಲಿ ಶುರುವಾಗಿ, ಎರಡು ಬುಗ್ಗೆ ದಾಟುವ ಹೊತ್ತಿಗೆ ಪೂರ್ತಿ ಲಾದಿನ್ ಆಯಿತು. ನನಗೆ ಅರ್ಥವಾಗುವುದಿಲ್ಲವೆಂಬುದು ಅವರಿಗೆ ನೆನಪಿರಲಿಲ್ಲ. ನಾನೂ ಕನ್ನಡದಲ್ಲೇ ಉತ್ತರ ಕೊಟ್ಟೆ.

"ಹೌದಾ? ಆಮೇಲೇನಾಯ್ತು?" ಅನ್ನುತ್ತಿದ್ದೆ. ಅವರು ಮುಂದುವರಿಸುತ್ತಿದ್ದರು. "ಅಯ್ಯೋ ರಾಮ, ಇನ್ನೂ ಎಷ್ಟಿದೆ ಇದು!" ಅಂದರೆ ಅದಕ್ಕೂ ಏನೋ ಸಮಾಧಾನ ಹೇಳುತ್ತಿದ್ದರು. ಅಷ್ಟು ಹೊತ್ತು ಹಾಗೆ ಮಾತಾಡಿಕೊಂಡು ಹೋದದ್ದರಲ್ಲಿ ನಮಗೆ ಎಲ್ಲೂ ಅಡಚಣೆಯಾಗಲಿಲ್ಲ.

ಹತ್ತು ತಿರುವುಗಳು ತಾಳೆಯಾದವು. ಬೋರ್ಡಿನ ನಂಬರು ಹತ್ತು, ಅವರ ಹೆಸರೂ ಹತ್ತನೆಯದು. ಆಮೇಲಿನ ಏರಿನಲ್ಲಿ ಅವರ ಮಾತು ತಟ್ಟನೆ ನಿಂತಿತು. ಹನ್ನೊಂದರ ಬೋರ್ಡಿನ ಹತ್ತಿರ ಬ್ರೇಕು ಹಿಡಿದು ಇಳಿದರು. ನಾನೂ ಇಳಿದೆ; ಹಿಮ್ಮಡಿ ತಿರುಚುವುದನ್ನು ಮರೆಯಲಿಲ್ಲ.

"ಇದು ಇಲ್ಲಿರಲಿಲ್ಲ," ಅಂದರು. ದನಿ ಬೇರೆಯಾಗಿತ್ತು. "ಇಲ್ಲಿ ರಸ್ತೆ ನೇರ ಹೋಗ್ತಿತ್ತು. ಅಲ್ಲಿ ಮೂರು ಲಾರ್ಚ್ ಮರ, ಒಂದು ಹುಲ್ಲಿನ ಕೊಟ್ಟಿಗೆ." ಅವರು ಕೈ ತೋರಿಸಿದ ಕಡೆ ಬೂದುಬಣ್ಣದ ಕಲ್ಲುರಾಶಿ, ಅದರ ಸಂದಿಗಳಲ್ಲಿ ಬೆಳೆದ ಎಳೆಯ ಪೈನ್ ಗಿಡಗಳು. "ನಾನು ಮರೆತುಬಿಟ್ಟೆನಾ?" ಎಂದು ನನ್ನನ್ನು ಕೇಳಿದರು. ಎಪ್ಪತ್ತನಾಲ್ಕು ವರ್ಷದವರು ಆ ಪ್ರಶ್ನೆ ಕೇಳಿದರೆ ಅದು ಬರೀ ರಸ್ತೆಯ ಪ್ರಶ್ನೆಯಾಗಿರುವುದಿಲ್ಲ. ಇಷ್ಟು ದಿನ ಗೆಲ್ಲಬೇಕೆಂದು ಎಣಿಸುತ್ತಿದ್ದವಳಿಗೆ ಆಗ ಹದಿನೆಂಟು ಅನ್ನುವ ಸಂಖ್ಯೆಯೇ ಬೇಡವಾಯಿತು.

ರಸ್ತೆಯ ಮೇಲ್ಗಡೆ, ನಾನು ನಿಲ್ಲಲೂ ಹೆದರುವಂಥ ಇಳಿಜಾರಿನಲ್ಲಿ, ಒಬ್ಬ ರೈತ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಬೆಟ್ಟದಯ್ಯ ಅವನನ್ನು ಕೂಗಿದರು. ಅವನು ಯಂತ್ರ ನಿಲ್ಲಿಸಿ ಬಂದು ಬೇಲಿಗೆ ಒರಗಿದ. ಇಬ್ಬರೂ ಮಾತಾಡಿದರು. ರೈತ ಮೊದಲು ಮೇಲಿನ ಬಂಡೆ ತೋರಿಸಿದ, ಆಮೇಲೆ ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಸರ್ರನೆ ಜಾರಿಸಿದ. ಭಾಷೆ ಬೇಕಾಗಲಿಲ್ಲ. ಗುಡ್ಡ ಕುಸಿದಿತ್ತು.

ಬೆಟ್ಟದಯ್ಯ ಅಮೆರಿಕಕ್ಕೆ ಹೊರಟ ಮರುವರ್ಷದ ವಸಂತದಲ್ಲಿ, ಹಿಮ ಕರಗುವಾಗ, ಗುಡ್ಡದ ಆ ಮೈ ಪೂರ್ತಿ ಜಾರಿತಂತೆ. ಮರ, ಕೊಟ್ಟಿಗೆ, ರಸ್ತೆ ಎಲ್ಲ ಅದರ ಜೊತೆ ಹೋಯಿತು. ಜನ ಯಾರೂ ಸಾಯಲಿಲ್ಲ. ಕುಸಿದ ಜಾಗವನ್ನು ಬಿಟ್ಟು ಹೊಸ ರಸ್ತೆಯನ್ನು ಪಕ್ಕಕ್ಕೆ ಕೊಂಡೊಯ್ದು ಮತ್ತೆ ಸೇರಿಸಿದರು. ಹಾಗೆ ಸೇರಿಸುವಾಗ ಹುಟ್ಟಿದ್ದು ಈ ಎರಡು ತಿರುವುಗಳು.

ಅದನ್ನು ನನಗೆ ಹೇಳುವಾಗ ಬೆಟ್ಟದಯ್ಯನ ಮುಖದಲ್ಲಿ ನಗು ಒಂದೊಂದೇ ಗೆರೆಯಾಗಿ ಮೂಡಿತು. "ಹದಿನಾರೇ ಇತ್ತು!" ಎಂದು ಕೂಗಿದರು. ರೈತನೂ ನಕ್ಕ.

"ಈಗ ಹದಿನೆಂಟು," ಅಂದೆ. ಅಷ್ಟೂ ಹೇಳದಿರಲು ಆಗಲಿಲ್ಲ.

ಈ ಎರಡು ತಿರುವಿಗೆ ಹೆಸರೇನೆಂದು ಬೆಟ್ಟದಯ್ಯನ ಮೂಲಕ ರೈತನನ್ನು ಕೇಳಿದೆ. ಅವನು ತುಸು ಯೋಚಿಸಿ, ಹನ್ನೊಂದು, ಹನ್ನೆರಡು ಅಂದ. ಯಾರೂ ಹೆಸರಿಟ್ಟಿಲ್ಲವೇ? ಈಗ ನಡೆದು ಹತ್ತುವವರು ಯಾರು, ಎಲ್ಲರೂ ಮೋಟರಿನಲ್ಲಿ ದಾಟಿಬಿಡುತ್ತಾರಲ್ಲ ಎಂದು ಉತ್ತರ ಬಂತು.

"ಹಾಗಾದ್ರೆ ನೀವೇ ಇಡಿ," ಅಂದೆ ಬೆಟ್ಟದಯ್ಯನಿಗೆ.

ಅವರು ತಲೆಯಾಡಿಸಿದರು. "ಇಟ್ಟ ಹೆಸರು ನಿಲ್ಲಲ್ಲ. ಅದು ತಾನಾಗಿ ಬರಬೇಕು."

ಉಳಿದ ಆರನ್ನು ಹತ್ತಿದೆವು. ಕೊನೆಯ ಎರಡರಲ್ಲಿ ನನ್ನ ತೊಡೆ ನಡುಗಿ, ಮಗ್ಗಿಯೂ ಮರೆತು, ಮುಂದಿನ ಒಂದು ಗಜ ಡಾಂಬರನ್ನು ಮಾತ್ರ ನೋಡುತ್ತ ಹೋದೆ. ನೆತ್ತಿಯಲ್ಲಿ ಗಾಳಿ ಕಿವಿಗೆ ಹೊಡೆಯಿತು. ನನ್ನ ಗಂಡ ಕಾರಿನಿಂದ ಓಡಿಬಂದು ಶಾಲು ಹೊದಿಸಿದರು. "ಚಕ್ಕುಲಿ ಉಳಿದಿದ್ಯಾ?" ಅಂದರು. ನಾನು ನಗಲು ಹೋಗಿ ಅತ್ತೆ. ಆಚೆ ಕಡೆಗೆ ಇನ್ನೊಂದು ಕಣಿವೆ ಬಿಚ್ಚಿಕೊಂಡಿತ್ತು. ಅಲ್ಲಿಯೂ ಒಂದು ಬಿಳಿ ದಾರ ಮಡಚಿ ಮಡಚಿ ಇಳಿಯುತ್ತಿತ್ತು. ಅದರ ತಿರುವುಗಳ ಹೆಸರು ಗೊತ್ತೇ ಎಂದು ಕೇಳಿದ್ದಕ್ಕೆ ಬೆಟ್ಟದಯ್ಯ, "ಅದು ಅವರ ರಸ್ತೆ," ಅಂದರು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಅಕ್ಕನನ್ನು ಕೇಳಿದರು: ಗುಡ್ಡ ಕುಸಿದದ್ದನ್ನು ನನಗೆ ಯಾಕೆ ಯಾರೂ ಬರೆಯಲಿಲ್ಲ? ಅಮ್ಮ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳಲ್ಲ.

ಅಕ್ಕ ಸೂಪಿನ ಸೌಟನ್ನು ಕೆಳಗಿಟ್ಟಳು. ಅವಳು ಹೇಳಿದ್ದನ್ನು ಅವರು ನಮಗಾಗಿ ಮೆಲ್ಲಗೆ ಇಂಗ್ಲಿಷಿಗೆ ತಿರುಗಿಸಿದರು.

"ಅಮ್ಮನೇ ಬೇಡ ಅಂದಳಂತೆ. ‘ಅವನು ಹೊಸದಾಗಿ ಹೋಗಿದಾನೆ. ಊರು ಬಿಟ್ಟ ಹಾಗೇ ಇದೆ ಅಂದ್ಕೊಂಡಿರಲಿ’ ಅಂತ. ಆಮೇಲೆ ಹೇಳೋದು ಎಲ್ಲರಿಗೂ ಮರೆತೇಹೋಯ್ತಂತೆ."

ಅಕ್ಕ ಅವರ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಭಾಷೆಯನ್ನು ಎಷ್ಟು ಜನ ಆಡುತ್ತಾರೆ ಎಂದು ತಮ್ಮನ ಮೂಲಕ ಕೇಳಿದಳು. ಕೋಟಿಗಟ್ಟಲೆ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ಅಷ್ಟು ಜನರನ್ನ ಬಿಟ್ಟು ಇವನ ಜೊತೆ ಯಾಕೆ ಸೈಕಲ್ ಹೊಡೀತಿದೀಯ?" ಎಂದಳಂತೆ. ಅನುವಾದ ಮಾಡುವಾಗ ಬೆಟ್ಟದಯ್ಯನೇ ಮೊದಲು ನಕ್ಕರು.

ನಾವು ಎಂಟು ದಿನಕ್ಕೆ ಹಿಂತಿರುಗಿದೆವು. ಅವರು ಮೊದಲ ಹಿಮ ಬೀಳುವವರೆಗೆ ಅಲ್ಲೇ ಉಳಿದು ಅಕ್ಟೋಬರಿನಲ್ಲಿ ಬಂದರು. ಬಂದ ಎರಡನೇ ವಾರಕ್ಕೆ ಒಂದು ಬ್ಯಾಟರಿ ಸೈಕಲ್ ಕೊಂಡರು. ಅದಕ್ಕೊಂದು ಬುಟ್ಟಿಯನ್ನೂ ಹಾಕಿಸಿದರು. ಈಗ ಶನಿವಾರದ ಗುಂಪಿನಲ್ಲಿ ಅವರೇ ಮುಂದೆ. ಕೊನೆಯಲ್ಲಿ ಬರುವವಳು ನಾನು.

ಮೊನ್ನೆ ಮೇ ತಿಂಗಳಲ್ಲಿ ಮೆಂಡಮ್ ಕಡೆ ಒಬ್ಬಳೇ ಹೋಗಿದ್ದೆ. ಹಿಂದಿನ ಚಕ್ರ ಪಂಕ್ಚರ್ ಆಯಿತು. ಇದ್ದ ಒಂದು ಬದಲಿ ಟ್ಯೂಬನ್ನು ಹಾಕುವಾಗ ನಾನೇ ಹರಿದುಹಾಕಿದೆ. ಗಂಡನಿಗೆ ಫೋನ್ ಮಾಡಿದೆ.

"ಎಲ್ಲಿದೀಯಾ? ಲೊಕೇಶನ್ ಕಳ್ಸು."

"ಸಿಗ್ನಲ್ ಸರಿ ಇಲ್ಲ, ಹೋಗ್ತಾ ಇಲ್ಲ. ಇಲ್ಲೇ ರೀ, ಹೆಬ್ಬಾತು ಅಟ್ಟಿಸ್ಕೊಂಡು ಬಂದ ತಿರುವಲ್ಲಿ."

"ಓ, ಅಲ್ಲಿಯಾ? ಇಪ್ಪತ್ ನಿಮಿಷ, ಬಂದೆ," ಅಂದು ಇಟ್ಟುಬಿಟ್ಟರು.

ಹಿಂದಿನ ವರ್ಷ ಅಲ್ಲಿ ಒಂದು ಹೆಬ್ಬಾತು ನನ್ನನ್ನೂ ಬೆಟ್ಟದಯ್ಯನನ್ನೂ ಕಾಲು ಮೈಲಿ ಓಡಿಸಿತ್ತು. ಅದಾದ ಮೇಲೆ ಮನೆಯಲ್ಲಿ ಆ ಜಾಗವನ್ನು ನಾವು ಹಾಗೇ ಅನ್ನುತ್ತಿದ್ದೆವು, ಗಮನಕ್ಕೇ ಬಂದಿರಲಿಲ್ಲ. ನಾನು ಸೈಕಲ್ಲನ್ನು ಕಲ್ಲುಗೋಡೆಗೆ ಒರಗಿಸಿ ನೆರಳಿನಲ್ಲಿ ಕೂತೆ. ಗಂಡ ಹದಿನೆಂಟು ನಿಮಿಷಕ್ಕೇ ಬಂದರು. ಟ್ಯೂಬು ತಂದಿದ್ದರು, ಪಂಪು ಮರೆತಿದ್ದರು.